ಅಬ್ಬಲಿಗೆ ಬಣ್ಣದ ತೇಲುವ ದಾರ

ಜೂನ್ ೮, ಭಾನುವಾರ

ಇನ್ನೊಬ್ಬರ ಡೈರಿ ಬಿಡಿಸಿ ಓದುವ ನಿನಗೆ ನಾಚಿಕೆ ಬೇಡವಾ? ಯಾರೇ ಆಗಿರು, ಮುಚ್ಚಿ ಇದ್ದಲ್ಲೇ ಇಡು. ಸೊಸೆಯಾದರೆ ಹೋಗಿ ಒಲೆಯ ಮೇಲಿನ ಹಾಲು ನೋಡು. ಮೊಮ್ಮಗಳು ಸುರಕ್ಷಾ ಆದರೆ ನಿನ್ನ ಪಾಠ ಓದು, ಅದನ್ನು ಓದಿದ್ದು ನಾನಂತೂ ಕಂಡಿಲ್ಲ. ಕುಕ್ಕಪ್ಪನಾದರೆ, ಮಗನೇ, ನಿನ್ನ ಬಗ್ಗೆಯೂ ಬರೆಯುವವಳಿದ್ದೇನೆ, ಓದಿದರೆ ನಿನಗೇ ನಷ್ಟ. ಅಕ್ಷರ ವಾರೆ ಎಂದು ನಗುವವರಿಗೆ ಒಂದು ಮಾತು. ಮಂಡೆಕೋಲಿನ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ಕೂತವಳು ನಾನು. ಬರೆಯುವುದು ನನಗೆ, ನಿಮಗಲ್ಲ.

ಬಾಯಲ್ಲಿ ಹೇಳಿದರೆ ಈ ಮನೆಯಲ್ಲಿ ಈಗ ಯಾರೂ ಕೇಳುವುದಿಲ್ಲ. ಕೇಳಿದವರು ಅಳುತ್ತಾರೆ. ಅದಕ್ಕೆ ಬರೆಯುವುದು.

ಮೊಮ್ಮಗ ರಕ್ಷಿತ್ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಏಪ್ರಿಲ್‌ನ ಬಿಸು ಹಬ್ಬಕ್ಕೆಂದು ರಜೆಯಲ್ಲಿ ಬಂದವನು ಅಪ್ಪನಿಗೆ ಸಹಾಯ ಮಾಡುತ್ತೇನೆಂದು ರಬ್ಬರ್ ಶೀಟಿನ ಮಿಷನಿಗೆ ಕೈ ಕೊಟ್ಟ. ಗಟ್ಟಿಯಾದ ರಬ್ಬರ್ ಹಾಲನ್ನು ಎರಡು ಕಬ್ಬಿಣದ ಉರುಳೆಗಳ ನಡುವೆ ತೂರಿಸಿ ಶೀಟ್ ಮಾಡುವ ಮಿಷನ್ ಅದು. ಶೀಟಿನ ಜೊತೆ ಇವನ ಬಲಗೈಯೂ ಹೋಯಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಆದರೆ ಬೆರಳುಗಳು ಮಡಚುವುದಿಲ್ಲ, ಬಾಚಣಿಗೆಯ ಹಲ್ಲಿನ ಹಾಗೆ ನೆಟ್ಟಗೆ ನಿಂತಿವೆ.

ಉಣ್ಣಲಿಕ್ಕೆ, ತೊಳೆಯಲಿಕ್ಕೆ ಎಡಗೈ ಉಂಟು, ಹೇಗೋ ಆಗುತ್ತದೆ. ಆದರೆ ಅವನ ಕೆಲಸ ಇದ್ದದ್ದೇ ಬಲಗೈಯಲ್ಲಿ. ಮುನ್ನಾರಿನ ಆಚೆ ಚಳಿಬೆಟ್ಟದ ಮೇಲೆ ಒಂದು ಕೆರೆ, ಅದರಲ್ಲಿ ಬಿಳಿಯರ ಕಾಲದಲ್ಲಿ ತಂದು ಬಿಟ್ಟ ಟ್ರೌಟ್ ಎಂಬ ಮೀನು. ಅಲ್ಲಿಯ ಲಾಡ್ಜಿಗೆ ಬಂದವರಿಗೆ ಆ ಮೀನು ಹಿಡಿಯಲು ಕಲಿಸುವುದು ಇವನ ಉದ್ಯೋಗ. ಹಿಡಿದು ಸಾರು ಮಾಡುವುದಲ್ಲ. ಒಂದು ಫೋಟೋ ತೆಗೆದು ಪುನಃ ನೀರಿಗೆ ಬಿಡುವುದು. ಹಿಡಿದ ಮೀನನ್ನು ಬಿಡುವವನು ಹುಚ್ಚ, ಅದನ್ನು ಕಲಿಸುವವನು ಹುಚ್ಚರ ಮೇಷ್ಟ್ರು ಎಂದು ಅವನು ಆ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೇನೆ. ಆದ್ದರಿಂದ ಆ ಕೆಲಸ ಹೋದರೆ ನನಗೇನೂ ಬೇಜಾರಿಲ್ಲ. ಅರಂತೋಡಿನ ರಸ್ತೆ ಬದಿಯಲ್ಲಿ ಕುಕ್ಕಪ್ಪನ ಅಂಗಡಿ ಉಂಟು, ಕೂತುಕೊಳ್ಳಲಿ.

ಬೇಜಾರು ಅವನು ಮಾತು ಬಿಟ್ಟದ್ದಕ್ಕೆ. ಮೊದಲೆಲ್ಲ ನಾನೊಂದು ಹೇಳಿದರೆ ತಿರುಗಿ ಎರಡು ಹೇಳುತ್ತಿದ್ದ. ಈಗ ಬರೀ "ಹ್ಞೂಂ". ಅದೂ ಗೋಡೆಗೆ.

ಇವನನ್ನು ಏಳಿಸದೆ ನಾನು ಬಿಡುವುದಿಲ್ಲ.

ಜೂನ್ ೧೨, ಗುರುವಾರ

ಅಂಗಡಿಗೆ ಕಳಿಸಿದೆ. ಬಂದವರೆಲ್ಲ ಮೊದಲು ಕೈ ನೋಡುವುದು, ಆಮೇಲೆ "ಪಾಪ" ಎನ್ನುವುದು. ಅವರಿಗೆ ಬೀಡಿಯೂ ಬೇಡ, ಬೆಲ್ಲವೂ ಬೇಡ. ಪಾಪ ಹೇಳಲಿಕ್ಕೆ ಒಬ್ಬ ಬೇಕಾದದ್ದು. ಹೊಳೆಬದಿಯಲ್ಲಿ ಗಾಳ ಹಾಕಿಕೊಂಡೇ ಮುದುಕನಾದ ಮಾಯಿಲಪ್ಪನೂ ಬಂದಿದ್ದ.

"ಇನ್ನು ಇಲ್ಲೇ ಅಲ್ಲವಾ ರಕ್ಷಿತಾ? ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಮಾರಾಯ."

"ಹೌದು" ಎಂದನಂತೆ ಇವನು. ಮಧ್ಯಾಹ್ನಕ್ಕೆ ಮನೆಗೆ ಬಂದು ಮಲಗಿದ.

ಮಾಯಿಲಪ್ಪನಿಗೆ ಇನ್ನು ನಮ್ಮಲ್ಲಿ ಚಾ ಇಲ್ಲ.

ಜೂನ್ ೧೭, ಮಂಗಳವಾರ

ಅವನ ಚೀಲ ಬಿಡಿಸಿ ನೋಡಿದೆ. ಏಪ್ರಿಲ್‌ನಿಂದ ಹಾಗೇ ಮೂಲೆಯಲ್ಲಿ ಬಿದ್ದಿತ್ತು, ಬಟ್ಟೆಗೆಲ್ಲ ಬೂಷ್ಟು. ಅಡಿಯಲ್ಲಿ ನಾಲ್ಕು ತುಂಡಾಗಿ ಬಿಚ್ಚಿಟ್ಟ ಮೀನಿನ ಕೋಲು, ಒಂದು ರಾಟೆ, ರಾಟೆಯ ತುಂಬ ಸುತ್ತಿದ ಹಳದಿ ದಾರ. ದಾರ ಎಂದರೆ ಮಾಯಿಲಪ್ಪನ ನೈಲಾನ್ ನೂಲಲ್ಲ. ದನದ ಬಾಲದ ಕೂದಲಿಗಿಂತ ದಪ್ಪ, ಮುಟ್ಟಿದರೆ ರಬ್ಬರಿನ ಹಾಗೆ ನಯ. ಅದಕ್ಕೂ ಬಿಳಿ ಬೂಷ್ಟು ಹಿಡಿದಿತ್ತು.

ಸೋಪು ನೀರಿನಲ್ಲಿ ತೊಳೆದೆ. ಈ ಮಳೆಯಲ್ಲಿ ಒಣಗುವುದು ಎಲ್ಲಿ? ಶೀಟ್ ಒಣಗುವಲ್ಲಿ. ರಬ್ಬರ್ ಶೀಟಿಗೆ ಬೂಷ್ಟು ಬಾರದ ಹಾಗೆ ಹೊಗೆ ಹಾಕುವ ಗೂಡು ನಮ್ಮ ಹಿತ್ತಲಲ್ಲೇ ಉಂಟು. ಶೀಟುಗಳ ನಡುವೆ ಒಂದು ಬಿದಿರಿಗೆ ದಾರವನ್ನು ಬಳೆ ಬಳೆಯಾಗಿ ತೂಗಿಸಿ ಬಂದೆ. ನೋಡಿದರೆ ರಬ್ಬರಿನದ್ದೇ ಜಾತಿ. ಇನ್ನು ಹತ್ತು ವರ್ಷಕ್ಕೆ ಬೂಷ್ಟು ಮುಟ್ಟಲಾರದು.

ಈ ಬುದ್ಧಿ ಅವನ ಅಮ್ಮನಿಗೆ ಇಷ್ಟು ದಿನ ಹೊಳೆಯಲಿಲ್ಲ.

ಜೂನ್ ೨೦, ಶುಕ್ರವಾರ

ದಾರ ಹಾಳಾಯಿತು.

ಒಳ್ಳೆಯ ಸುದ್ದಿ ಎಂದರೆ ರಕ್ಷಿತ್ ಬೊಬ್ಬೆ ಹೊಡೆದ. ಏಪ್ರಿಲ್‌ನಿಂದ ಮೊದಲ ಸಲ.

"ಅಜ್ಜಿ, ಇದನ್ನು ಎಂತ ಮಾಡಿದ್ದೀರಿ? ಫ್ಲೈ ಲೈನನ್ನು ಯಾರಾದ್ರೂ ಹೊಗೆಗೆ ಹಾಕ್ತಾರಾ? ಇದೆಂತ, ಒಣಮೀನಾ?"

"ಬೂಷ್ಟು ಬಂದಿತ್ತು. ಮೂಲೆಯಲ್ಲಿ ಬಿಸಾಡಿದವ ಯಾರು, ನಾನಾ?"

"ಬೂಷ್ಟು ಒರೆಸಿದ್ರೆ ಹೋಗ್ತಿತ್ತು."

"ಶೀಟು ಹೊಗೆಯಲ್ಲಿ ಹಾಳಾಗುದಿಲ್ಲ. ಇದಕ್ಕೆಂತ ರಾಜನ ಮರ್ಯಾದೆ?"

ಅವನು ದಾರವನ್ನು ನೀರಿನ ಬಾಲ್ದಿಗೆ ಹಾಕಿ ತೋರಿಸಿದ. ತೇಲಬೇಕಾದದ್ದು ಎಮ್ಮೆಯ ಹಾಗೆ ನಿಧಾನಕ್ಕೆ ಮುಳುಗಿತು. ಅದರ ಚರ್ಮದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಇರುತ್ತವಂತೆ, ಅದರಿಂದಲೇ ತೇಲುವುದಂತೆ. ಬಿಸಿಗೆ ಚರ್ಮ ಕರಗಿ ಅಂಟಂಟಾಗಿದೆ, ಅಲ್ಲಲ್ಲಿ ಒಡೆದಿದೆ. ಹೊಗೆ ನಾತ ಬೇರೆ.

ಇಷ್ಟು ಹೇಳಿದ ಮೇಲೆ ಅವನ ಬೆಂಕಿ ಆರಿತು. "ಹೋಗಲಿ ಬಿಡಿ. ಇನ್ನು ಅದು ಇದ್ದು ಎಂತಕ್ಕೆ?" ಎಂದು ಒಳಗೆ ಹೋದ.

ಹೊಗೆಯ ತಪ್ಪು ಉಂಟು. ಅಂಥ ನಾಜೂಕು ವಸ್ತು ಮಾಡಿ ಮಾರಿದವರದ್ದೂ ಉಂಟು. ಏನೇ ಇರಲಿ, ನನ್ನ ಕೈಯಲ್ಲಿ ಹೋದದ್ದು ನನ್ನ ಕೈಯಲ್ಲೇ ಬರಬೇಕು. ಹೊಸ ದಾರ ತರಿಸುವುದೇ.

ಜೂನ್ ೨೨, ಭಾನುವಾರ

ಸುರಕ್ಷಾ ಪುತ್ತೂರಿನ ಹಾಸ್ಟೆಲಿನಿಂದ ಬಂದಿದ್ದಾಳೆ. ಅಣ್ಣನ ಫೋನಿನಿಂದ ಆ ಲಾಡ್ಜಿನ ಮ್ಯಾನೇಜರಮ್ಮನ ನಂಬರ್ ತೆಗೆಸಿದೆ. ಹೆಸರು ಲೈಲಾ. ಮಲಯಾಳದವಳು. ಕೇರಳದ ಗಡಿಯ ಮಂಡೆಕೋಲಿನಲ್ಲಿ ಹುಟ್ಟಿದವಳಿಗೆ ಮಲಯಾಳ ಯಾರೂ ಕಲಿಸಬೇಕಾಗಿಲ್ಲ. ಸಿಗ್ನಲ್ ಸಿಗುವ ಗೇರುಮರದ ಬುಡಕ್ಕೆ ಹೋಗಿ ಫೋನ್ ಮಾಡಿದೆ.

ನಾನು ರಕ್ಷಿತನ ಅಜ್ಜಿ ಎಂದೆ. ಅವಳು ಮೊದಲು ಕೈ ಹೇಗಿದೆ ಎಂದು ಕೇಳಿದಳು. ಪಾಪ ಎನ್ನಲಿಲ್ಲ. ಅಷ್ಟಕ್ಕೆ ನನಗೆ ಹಿಡಿಸಿದಳು.

"ಅಮ್ಮ, ದೀಪಾವಳಿ ಕಳೆದು ನಮ್ಮ ಸೀಸನ್ ಶುರು. ಅಲ್ಲಿವರೆಗೆ ಅವನ ಜಾಗಕ್ಕೆ ಯಾರನ್ನೂ ತಗೊಳ್ಳುದಿಲ್ಲ. ಅದರ ಮೇಲೆ ನನ್ನ ಕೈಯಲ್ಲಿಲ್ಲ."

"ಬಲಗೈ ಆಗುದಿಲ್ಲ."

"ಎಡಗೈ ಆಗ್ತದಾ?"

"ಆಗದೆ ಎಂತ?"

"ಅವನು ಹೇಳಲಿ, ನೀವಲ್ಲ. ಮತ್ತೊಂದು ಅಮ್ಮ, ಮೀನು ಹಿಡಿಯುವವರು ನನಗೆ ಬೇಕಾದಷ್ಟು ಸಿಗ್ತಾರೆ. ಕಲಿಸುವವರು ಸಿಗುದಿಲ್ಲ."

ಇದನ್ನು ಅವನಿಗೆ ಹೇಳಲಿಲ್ಲ. ಈಗ ಹೇಳಿದರೆ ಅದಕ್ಕೂ "ಹ್ಞೂಂ" ಎಂದಾನು.

ಜುಲೈ ೬, ಭಾನುವಾರ

ದಾರ ಆರಿಸುವುದು ಮದುವೆಗೆ ಸೀರೆ ಆರಿಸಿದ ಹಾಗೆ. ಇಡೀ ಬೆಳಿಗ್ಗೆ ಹೋಯಿತು. ಜಗಲಿಯಲ್ಲಿ ಕೂತು ಸುರಕ್ಷಾ ಫೋನ್ ಒತ್ತುತ್ತಾ ಹೋದಳು, ನಾನು ಕನ್ನಡಕ ಹಾಕಿ ನೋಡಿದೆ. ರಕ್ಷಿತನ ಕೋಣೆಯ ಬಾಗಿಲು ಜಗಲಿಗೇ ತೆರೆಯುವುದು. ಅಲ್ಲಿಯೇ ಕೂತದ್ದು.

"ತೇಲುದು ಉಂಟು, ಮುಳುಗುದು ಉಂಟು, ಅರ್ಧ ಮುಳುಗುದು ಉಂಟು. ಯಾವುದು ಅಜ್ಜಿ?"

"ಅರ್ಧ ಮುಳುಗಿದ್ದು ಮನೆಯಲ್ಲೇ ಒಂದು ಉಂಟು. ತೇಲುದು ನೋಡು."

ಒಳಗೆ ಮಂಚ ಕಿರುಗುಟ್ಟಿತು.

"ನಂಬರ್ ಕೇಳ್ತದೆ. ಒಂದರಿಂದ ಹನ್ನೆರಡರವರೆಗೆ ಕಾಣ್ತದೆ."

"ಹನ್ನೆರಡು ಹೇಳು. ಗಟ್ಟಿ ಇರಲಿ."

"ಹನ್ನೆರಡು ಸಮುದ್ರದ ಮೀನಿಗೆ" ಎಂದಿತು ಒಳಗಿನ ಸ್ವರ.

ಸುರಕ್ಷಾ ನನ್ನ ತೊಡೆ ಚಿವುಟಿದಳು. ನಾನು ಗೋಡೆಯನ್ನೇ ಕೇಳಿದೆ, "ಮತ್ತೆ ಎಷ್ಟು?"

"ಕೋಲಿನ ಹಿಡಿಯ ಹತ್ತಿರ ಬರೆದಿರ್ತದೆ. ಐದು. ಕೋಲು ಐದಾದ್ರೆ ದಾರವೂ ಐದು."

ಯಾಕೆ ಎಂದು ಕೇಳಿದೆ. ಗೊತ್ತಿಲ್ಲದೆ ಕೇಳಿದ್ದೇ, ನಾಟಕವಲ್ಲ. ಆಗ ಅವನು ಬಾಗಿಲಿಗೆ ಬಂದು ನಿಂತ. ಮಾಯಿಲಪ್ಪನ ಗಾಳಕ್ಕೆ ಸೀಸದ ಗುಂಡು ಕಟ್ಟಿರುತ್ತದೆ, ಅದರ ಭಾರಕ್ಕೆ ನೂಲು ದೂರ ಹೋಗುತ್ತದೆ. ಟ್ರೌಟ್ ತಿನ್ನುವುದು ನೀರಿನ ಮೇಲೆ ಕೂತ ನೊಣ. ಅದಕ್ಕೆ ಕೊಕ್ಕೆಗೆ ಗರಿ, ನೂಲು ಸುತ್ತಿ ನೊಣದ ಹಾಗೆ ಮಾಡುತ್ತಾರೆ. ಅದಕ್ಕೆ ಭಾರವೇ ಇಲ್ಲ. ಹಾಗಾಗಿ ಎಸೆಯುವುದು ನೊಣವನ್ನಲ್ಲ, ದಾರವನ್ನು. ದಾರದ ಭಾರ ಕೋಲನ್ನು ಬಗ್ಗಿಸಬೇಕು, ಬಗ್ಗಿದ ಕೋಲು ದಾರವನ್ನು ಹಾರಿಸಬೇಕು. ಭಾರ ಕಡಿಮೆಯಾದರೆ ಕೋಲು ಬಗ್ಗುವುದಿಲ್ಲ, ಹೆಚ್ಚಾದರೆ ಸುಸ್ತಾಗುತ್ತದೆ. ಅಷ್ಟೇ ನಂಬರಿನ ವಿಷಯ. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದರೆ "ನೀವು ಕೇಳಿದ್ದು ಬರೀ ಸಾರು ಎಲ್ಲಿ ಅಂತ" ಎಂದ.

"ಹಾಗಾದ್ರೆ ಐದು ಹಾಕು."

"ಆರು ಹಾಕು" ಎಂದ ತಂಗಿಗೆ. "ಎಡಗೈಗೆ ಅಂದಾಜು ಸಿಕ್ಕುದಿಲ್ಲ. ಒಂದು ನಂಬರ್ ಜಾಸ್ತಿ ಇದ್ರೆ ಕೋಲು ಬೇಗ ಬಗ್ಗುತ್ತದೆ."

ಎಡಗೈ ಎಂದು ಅವನೇ ಹೇಳಿದ. ನಾನು ಸೀರೆಯ ಸೆರಗು ಸರಿ ಮಾಡಿಕೊಂಡೆ.

ಆಮೇಲೆ ದಾರದ ಹೊಟ್ಟೆಯ ವಿಷಯ. ಎರಡೂ ತುದಿ ಸಪೂರವಾಗಿ ನಡು ದಪ್ಪ ಇರುವುದು ಒಂದು ಜಾತಿ, ಒಂದು ತುದಿ ಸವೆದರೆ ತಿರುಗಿಸಿ ಹಾಕಬಹುದು. ಮುಂದಿನ ಕಡೆಯೇ ಭಾರ ಇರುವುದು ಇನ್ನೊಂದು. ನಾನು ತಿರುಗಿಸಿ ಹಾಕುವುದನ್ನು ಹೇಳಿದೆ, ಎರಡು ದಾರ ಸಿಕ್ಕಿದ ಹಾಗೆ. ಅವನು ಬೇಡ ಎಂದ. ಮುಂದೆ ಭಾರ ಇದ್ದರೆ ಕಡಿಮೆ ಕಸುವಿನಲ್ಲಿ ದೂರ ಹೋಗುತ್ತದೆ. ಆಗಲಿ ಎಂದೆ.

ಕೊನೆಗೆ ಸುರಕ್ಷಾ ಕೇಳಿದಳು, "ತಣ್ಣೀರಿನದ್ದಾ, ಸೆಕೆ ಊರಿನದ್ದಾ?"

ಅದು ಬೇರೆಯೇ ಒಂದು ಗೋಜಲು. ಟ್ರೌಟಿನ ದಾರವನ್ನು ಚಳಿನೀರಿಗೆಂದು ಮೆತ್ತಗೆ ಮಾಡಿರುತ್ತಾರೆ. ನಮ್ಮ ಸೆಕೆಗೆ ತಂದರೆ ಬೆಂದ ಸೇಮಿಗೆಯ ಹಾಗೆ ಜೋಲುತ್ತದೆ. ಸೆಕೆಯ ಊರಿನ ದಾರ ಗಟ್ಟಿ. ಅದನ್ನು ಚಳಿಗೆ ಒಯ್ದರೆ ಸುರುಳಿ ಸುತ್ತಿ ಬಿಚ್ಚುವುದೇ ಇಲ್ಲ. ಎರಡೂ ಕಡೆಗೆ ಆಗುವುದು ಇಲ್ಲವಂತೆ.

"ಸೆಕೆಯದ್ದೇ ಹಾಕು" ಎಂದೆ. "ಇಲ್ಲಿ ಇರುವವನಿಗೆ ಇಲ್ಲಿಯ ದಾರ."

ರಕ್ಷಿತ್ ಒಳಗೆ ಹೋದ. ಬಾಗಿಲು ಹಾಕಿದ ಶಬ್ದವೂ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಜುಲೈ ೮, ಮಂಗಳವಾರ

ಸುರಕ್ಷಾಳಿಗೆ ಫೋನ್ ಮಾಡಿ ಹೇಳಿದೆ, ಸೆಕೆಯದ್ದು ಬೇಡ, ತಣ್ಣೀರಿನದ್ದು ಕಳಿಸಲಿ.

"ಎಂತಕ್ಕೆ ಅಜ್ಜಿ? ಅದು ಇಲ್ಲಿ ಜೋಲ್ತದೆ ಅಂತ ಹೇಳಿದ್ನಲ್ಲ."

"ನಮ್ಮ ಹೊಳೆಯಲ್ಲಿ ಟ್ರೌಟ್ ಉಂಟಾ?"

"ಇಲ್ಲ."

"ಮತ್ತೆ ಎಂತ ಕೇಳುದು."

ಬಣ್ಣ ಯಾವುದು ಎಂದಳು. ಅಬ್ಬಲಿಗೆ ಹೂವಿನ ಕಿತ್ತಳೆ ಬಣ್ಣ ಇದ್ದರೆ ಅದನ್ನೇ ಎಂದೆ. ಕಣ್ಣಿನ ಆಪರೇಷನ್ ಆದವಳಿಗೆ ಕಾಣಬೇಡವಾ?

ಜುಲೈ ೧೯, ಶನಿವಾರ

ದಾರ ಬಂತು. ರಕ್ಷಿತ್ ಪೆಟ್ಟಿಗೆ ತಿರುಗಿಸಿ ನೋಡಿದ.

"ಇದು ತಣ್ಣೀರಿನದ್ದು."

"ಅಂಗಡಿಯವ ತಪ್ಪಿ ಕಳಿಸಿರಬೇಕು."

"ಅಜ್ಜಿ."

"ಎಂತ? ದೀಪಾವಳಿವರೆಗೆ ಜಾಗ ಇಟ್ಟಿರ್ತೇನೆ ಅಂತ ಆ ಲೈಲಾ ಹೇಳಿದ್ದಾಳೆ. ಅದರ ಮೇಲೆ ಇಲ್ಲ."

"ನೀವು ಮೇಡಮಿಗೆ ಫೋನ್ ಮಾಡಿದ್ರಾ? ನನ್ನ ಮೇಡಮಿಗೆ?"

"ನಿನ್ನ ಮೇಡಂ, ನನಗೆಂತ, ಮಗಳ ಪ್ರಾಯದವಳು."

ಸಿಟ್ಟು ಬಂದು ಪೆಟ್ಟಿಗೆ ಅಲ್ಲೇ ಬಿಟ್ಟು ಹೋದ. ಹೋಗಲಿ. ನಾನೇ ಕೋಲು ಜೋಡಿಸಿ, ರಾಟೆಗೆ ದಾರ ಸುತ್ತಿ, ಮಳೆ ಬಿಟ್ಟಾಗ ಅಂಗಳದಲ್ಲಿ ನಿಂತು ಬೀಸಿದೆ. ಮೊದಲ ಸಲ ಬಟ್ಟೆ ಒಣಗುವ ಬಳ್ಳಿಗೆ ಸಿಕ್ಕಿತು. ಎರಡನೆಯ ಸಲ ಸೊಸೆಯ ನೈಟಿಗೆ. ಮೂರನೆಯ ಸಲ ಕೋಳಿಗೆ ಬಡಿಯಿತು, ಅದು ಬಾವಿಕಟ್ಟೆ ಹತ್ತಿ ಕೂತಿತು.

ಕಿಟಕಿಯಿಂದ ಸ್ವರ: "ಬಾರುಕೋಲು ಬೀಸಿದ ಹಾಗೆ ಬೀಸಬಾರದು. ಹಿಂದೆ ಹೋದ ದಾರ ನೆಟ್ಟಗೆ ಆಗಬೇಕು, ಮತ್ತೆ ಮುಂದೆ. ನೀವು ಮಾತಾಡಿದ ಹಾಗೆಯೇ ಎಸಿತೀರಿ, ನಡುವೆ ಉಸಿರೇ ಇಲ್ಲ."

"ಬಾಯಲ್ಲಿ ಹೇಳುವವರು ಸಾವಿರ ಇದ್ದಾರೆ. ತೋರಿಸು."

ಬಂದ. ಎಡಗೈಯಲ್ಲಿ ಕೋಲು ತೆಗೆದುಕೊಂಡ. ಬೀಸಿದ. ನನಗಿಂತ ಕೆಟ್ಟದಾಗಿ ಹೋಗಿ ದಾರವೆಲ್ಲ ಅವನ ತಲೆಯ ಮೇಲೆಯೇ ಬಿತ್ತು. ನಾನು ನಗಲಿಲ್ಲ. ಕೋಳಿಯನ್ನು ಓಡಿಸಿದೆ.

ಆಗಸ್ಟ್ ೨, ಶನಿವಾರ

ಮಳೆಯ ನಡುವೆ ಆಟಿ ತಿಂಗಳ ಬಿಸಿಲು ಬಂದರೆ ಸೂಜಿ. ಹತ್ತು ಗಂಟೆಯಾದರೆ ದಾರ ಜೋಲಿ ಕೈಗೆ ಅಂಟುತ್ತದೆ. ಅದಕ್ಕೆ ಬೆಳಕು ಹರಿಯುವಾಗಲೇ ಎಬ್ಬಿಸುತ್ತೇನೆ. ದಾರವನ್ನು ಬಾವಿಯ ತಣ್ಣೀರಿನ ಬಾಲ್ದಿಯಲ್ಲಿ ಮುಳುಗಿಸಿಟ್ಟು ಆಮೇಲೆ ಕೊಡುವುದು. ಆಗ ಸ್ವಲ್ಪ ಹೊತ್ತು ಬಿಗಿಯಾಗಿರುತ್ತದೆ. ಇದು ನಾನು ಕಂಡುಹಿಡಿದದ್ದು.

ನಿನ್ನೆ ಕೋಲನ್ನು ಬಿಸಾಡಿದ. ಇವತ್ತು ಏಳುವುದಿಲ್ಲ ಎಂದ. ಕಾಲಿಗೆ ನೀರು ಹೊಯ್ದೆ, ಎದ್ದ.

ಆಗಸ್ಟ್ ೭, ಗುರುವಾರ

ಕುಕ್ಕಪ್ಪ ಅಂಗಡಿ ಬಾಗಿಲು ಹಾಕಿ ಬಂದು ನನ್ನ ಹತ್ತಿರ ಕೂತ. ಅವನು ಹಾಗೆ ಕೂರುವವನಲ್ಲ.

"ಅವ್ವ, ನೀವು ಅವನಿಗೆ ಆಸೆ ಹುಟ್ಟಿಸ್ತಾ ಇದ್ದೀರಿ. ನಾಳೆ ಆಗದಿದ್ರೆ? ಇನ್ನೊಂದು ಸಲ ಬಿದ್ರೆ ಅವ ಏಳುದಿಲ್ಲ."

"ಆಗದಿದ್ರೆ ನಿನ್ನ ಅಂಗಡಿ ಎಲ್ಲಿಗೂ ಓಡಿ ಹೋಗುದಿಲ್ಲ."

"ಅವ ಇಲ್ಲೇ ಇರಲಿ ಅಂತ ಹೇಳಿದ್ದು ನೀವೇ ಅಲ್ಲವಾ?"

ಹೇಳಿರಬಹುದು. ಎಲ್ಲವನ್ನೂ ನೆನಪಿಟ್ಟುಕೊಂಡು ಕೂರಲಿಕ್ಕೆ ಇವನಿಗೆ ಬೇರೆ ಕೆಲಸ ಇಲ್ಲ.

ಅಂದು ಮಿಷನಿನ ಹಿಡಿ ತಿರುಗಿಸುತ್ತಿದ್ದವನು ಕುಕ್ಕಪ್ಪನೇ. ಅಂದಿನಿಂದ ಅವನು ಅದರ ಹತ್ತಿರ ಹೋಗುವುದಿಲ್ಲ, ರಬ್ಬರ್ ಟ್ಯಾಪಿಂಗಿನವರೇ ಶೀಟ್ ಮಾಡಿ ಹೊಗೆಗೆ ಹಾಕುತ್ತಾರೆ. ಬಯ್ಯಬೇಕೆಂದು ಬಾಯಿ ತೆರೆದವಳು ಬಯ್ಯಲಿಲ್ಲ. ನಾಳೆ ಬೆಳಿಗ್ಗೆ ನೀನೂ ಬಾ, ಕೋಳಿ ಓಡಿಸಲಿಕ್ಕೆ ಒಂದು ಜನ ಬೇಕು ಎಂದೆ.

ಬಂದ.

ಆಗಸ್ಟ್ ೨೩, ಶನಿವಾರ

ರಕ್ಷಿತ್ ಒಂದು ಉಪಾಯ ಮಾಡಿದ್ದಾನೆ. ಎಡಗೈಯಲ್ಲಿ ಕೋಲು, ದಾರ ಎಳೆದುಕೊಳ್ಳಲು ಇನ್ನೊಂದು ಕೈ ಬೇಕಲ್ಲ? ಬಲಗೈಯ ನೆಟ್ಟಗಿನ ಬೆರಳುಗಳ ನಡುವೆ ದಾರ ಸಿಕ್ಕಿಸಿ ಕತ್ತರಿಯ ಹಾಗೆ ಒತ್ತಿ ಎಳೆಯುತ್ತಾನೆ. ಗಂಟು ಹಾಕುವುದು ಹಲ್ಲಿನಿಂದ. ಹಾಗೆ ಮಾಡುವಾಗ ನಾಲಿಗೆ ಹೊರಗೆ ಬರುತ್ತದೆ, ಸಣ್ಣವನಿರುವಾಗ ಮಗ್ಗಿ ಬರೆದ ಹಾಗೆ.

ಅಂಗಳದ ಆ ತುದಿಯಲ್ಲಿ ನನ್ನ ಹಳೆಯ ಸ್ಟೀಲ್ ಬಟ್ಟಲು ಇಟ್ಟಿದ್ದೇವೆ, ಅದರೊಳಗೆ ನೊಣ ಬೀಳಬೇಕು. ಇವತ್ತು ಅವನದ್ದು ಬಟ್ಟಲಿನ ಅಂಚಿಗೆ ಬಡಿಯಿತು. ನನ್ನದು ಒಳಗೇ ಬಿತ್ತು. ಗಾಳಿ ಇತ್ತು, ಅದಕ್ಕಿರಬೇಕು. ಆದರೂ ಬಿತ್ತು.

ಕೋಲು ನಾನು ಹಿಡಿಯುವುದು ಅವನಿಗೆ ಹಟ ಬರಲಿ ಎಂದು ಮಾತ್ರ. ನನ್ನ ತಪ್ಪು ಹೇಳುವಾಗ ಅವನಿಗೆ ತನ್ನ ತಪ್ಪು ಗೊತ್ತಾಗುತ್ತದೆ. ಹಾಗೆಂದು ಅವನೂ ಹೇಳಿದ.

ಬೆಳಿಗ್ಗೆ ಅವನು ಏಳುವ ಮೊದಲೇ ಸ್ವಲ್ಪ ಎಸೆದು ನೋಡಿದೆ. ಹಿಂದೆ ಹೋದ ದಾರ ಪೂರ್ತಿ ಬಿಚ್ಚಿದಾಗ ಕೈಗೆ ಒಂದು ಸಣ್ಣ ಜಗ್ಗು ಸಿಗುತ್ತದೆ, ಕರು ಹಗ್ಗ ಎಳೆದ ಹಾಗೆ. ಆಗ ಮುಂದೆ ಬೀಸಬೇಕು. ಅದು ಸಿಗುವವರೆಗೆ ಬಾಯಿ ಮುಚ್ಚಿ ಕಾಯುವುದು.

ಸೆಪ್ಟೆಂಬರ್ ೨೧, ಭಾನುವಾರ

ಹೊಳೆ ತಿಳಿಯಾಯಿತು. ಪಯಸ್ವಿನಿಯ ಕಿಂಡಿ ಅಣೆಕಟ್ಟಿನ ಕೆಳಗಿನ ಬಂಡೆಗೆ ಹೋದೆವು, ನಾನು, ರಕ್ಷಿತ್, ಸುರಕ್ಷಾ. ಅಲ್ಲಿ ಮಾಯಿಲಪ್ಪ ಎರೆಹುಳದ ತೆಂಗಿನ ಚಿಪ್ಪು ಇಟ್ಟುಕೊಂಡು ಕೂತಿದ್ದ.

"ಸೇವಂತಿಯಕ್ಕ, ಹುಳ ಇಲ್ಲವಾ?"

"ಇಲ್ಲ."

"ಸೀಸ?"

"ಇಲ್ಲ."

"ಮತ್ತೆ ಮೀನನ್ನು ಬಯ್ದು ಮೇಲೆ ತರುದಾ?"

"ನಿನ್ನನ್ನು ಬಯ್ದು ಉಳಿದ್ರೆ ಅದಕ್ಕೂ ಹೇಳ್ತೇನೆ. ಬದಿಗೆ ಸರಿ, ಹಿಂದೆ ದಾರ ಹೋಗ್ಲಿಕ್ಕೆ ಜಾಗ ಬೇಕು."

ರಕ್ಷಿತ್ ಎಸೆದ. ಅಬ್ಬಲಿಗೆ ದಾರ ಹಿಂದೆ ಹೋಗಿ, ನಿಂತು, ಮುಂದೆ ಬಂದು, ನೆಟ್ಟಗೆ ಮಲಗಿತು. ನೀರಿಗೆ ಗೊತ್ತೇ ಆಗಲಿಲ್ಲ. ಮಾಯಿಲಪ್ಪ ಬೀಡಿ ಹಚ್ಚುವುದನ್ನು ಮರೆತ. ಎರಡನೆಯದೂ ಹಾಗೆಯೇ. ಆಮೇಲೆ ಒಂದು ಪೊದೆಗೆ ಸಿಕ್ಕಿತು, ಬಿಡಿಸಿಕೊಂಡು ಪುನಃ ಎಸೆದ. ಬೈಗುಳ ಇಲ್ಲ, ಬಿಸಾಡಲಿಲ್ಲ.

ನನ್ನ ಸರದಿಗೆ ಬಂಡೆಯ ನೆರಳಿನಲ್ಲಿ ಒಂದು ಮೀನು ನೊಣ ನುಂಗಿತು. ಮೈಮೇಲೆ ನೀಲಿ ಪಟ್ಟೆ, ಅಂಗೈ ಉದ್ದ. ನೀರಿನಲ್ಲಿ ಕೈ ಒದ್ದೆ ಮಾಡಿ ಹಿಡಿದೆ. ಒಣಕೈಯಲ್ಲಿ ಮುಟ್ಟಿದರೆ ಮೈಯ ಲೋಳೆ ಹೋಗಿ ಅದಕ್ಕೆ ರೋಗ ಬರುತ್ತದೆ. ಕೊಕ್ಕೆ ತೆಗೆದು ಬಿಟ್ಟೆ.

"ಬಿಟ್ರಾ?" ಮಾಯಿಲಪ್ಪ ಎದ್ದು ನಿಂತ. "ಅದು ಹುರಿಯಲಿಕ್ಕೆ ಎಷ್ಟು ರುಚಿ ಮಾರಾಯ್ತಿ."

"ನಾಳೆಗೆ ಬೇಡವಾ?"

ರಕ್ಷಿತ್ ಯಾಕೋ ನನ್ನನ್ನೇ ನೋಡಿ ನಗುತ್ತಿದ್ದ. ಮೂಗಿನ ಮೇಲೆ ಕೆಸರು ಗಿಸರು ಇತ್ತೋ ಏನೋ.

ಬರುವಾಗ ಮಾಯಿಲಪ್ಪನಿಗೆ ಮನೆಯಲ್ಲಿ ಚಾ ಕೊಟ್ಟೆ.

ಅಕ್ಟೋಬರ್ ೫, ಭಾನುವಾರ

ಈ ಸಲ ರಕ್ಷಿತನೇ ಲೈಲಾಳಿಗೆ ಫೋನ್ ಮಾಡಿದ್ದ. ವಿಡಿಯೋ ಕಳಿಸು, ನೋಡಿ ಹೇಳುತ್ತೇನೆ ಎಂದಳಂತೆ. ಸುರಕ್ಷಾ ಹೊಳೆಬದಿಯಲ್ಲಿ ತೆಗೆದದ್ದನ್ನು ಕಳಿಸಿದ್ದಾಳೆ. ಕಳಿಸಿದ ಮೇಲೆ ನನಗೆ ತೋರಿಸಿದಳು. ಅರ್ಧದಲ್ಲಿ ಅವನು, ಉಳಿದ ಅರ್ಧ ಪೂರ್ತಿ ನಾನು. ಸೆರಗು ಸೊಂಟಕ್ಕೆ ಕಟ್ಟಿಕೊಂಡು, ಮಾಸಿದ ಸೀರೆ, ತಲೆಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ. ಹಿಂದಿನಿಂದ ರಕ್ಷಿತನ ಸ್ವರ: "ಕಾಯಿರಿ ಅಜ್ಜಿ. ಇನ್ನೂ ಕಾಯಿರಿ. ಹ್ಞಾಂ, ಈಗ."

"ಕೆಲಸ ಕೇಳುದು ಅವನು. ನನ್ನನ್ನು ಎಂತಕ್ಕೆ ಹಾಕಿದ್ದು?"

"ಚಂದ ಕಂಡಿತು ಅಜ್ಜಿ."

ಇವಳ ಚಂದದಿಂದ ಹುಡುಗನ ಕೆಲಸ ಹೋದರೆ ಪುತ್ತೂರಿನ ಹಾಸ್ಟೆಲಿಗೇ ಹೋಗಿ ಬಯ್ಯುತ್ತೇನೆ.

ಊಟ ಸೇರಲಿಲ್ಲ. ಅವನೂ ಬಡಿಸಿದ್ದರಲ್ಲಿ ಅರ್ಧ ಬಿಟ್ಟ.

ಅಕ್ಟೋಬರ್ ೮, ಬುಧವಾರ

ಲೈಲಾ ಫೋನ್ ಮಾಡಿದಳು. ರಕ್ಷಿತನಿಗಲ್ಲ, ನನಗೆ.

"ಅಮ್ಮ, ಅವನು ಎಸೆದದ್ದು ಸಾಧಾರಣ. ಮೊದಲಿನಷ್ಟು ಇಲ್ಲ."

"ಬೆಟ್ಟದ ಚಳಿಗೆ ದಾರ ಸರಿಯಾಗ್ತದೆ. ಇಲ್ಲಿ ಅದು ಜೋಲ್ತದೆ, ಅವನ ಕೈಯದ್ದಲ್ಲ ಅದು."

"ಹೇಳ್ಲಿಕ್ಕೆ ಬಿಡಿ. ನೀವು ಎಸೆದದ್ದು ಅದಕ್ಕಿಂತ ಸಾಧಾರಣ."

ನಾನು ಕಾದೆ.

"ಆದ್ರೆ ನೀವು ಯಾರ ಮಾತೂ ಕೇಳುವವರಲ್ಲ ಅಂತ ನನಗೆ ಒಂದೇ ಫೋನಿನಲ್ಲಿ ಗೊತ್ತಾಗಿದೆ. ನಿಮಗೆ ಕಲಿಸಿದವನು ನನ್ನ ಅತಿಥಿಗಳಿಗೆ ಕಲಿಸಲಾರನಾ? ಕಳಿಸಿ."

ಸಂಬಳ, ಊಟ, ಹಾಸಿಗೆ ಎಲ್ಲ ಮೊದಲಿನ ಹಾಗೆಯೇ ಎಂದಳು. ಪುತ್ತೂರು ಆಸ್ಪತ್ರೆಯ ತಿಂಗಳಿಗೊಮ್ಮೆಯ ಕೈಯ ವ್ಯಾಯಾಮ ತಪ್ಪಬಾರದು, ಅಲ್ಲಿ ಹತ್ತಿರ ಎಲ್ಲಿ ಮಾಡಿಸುತ್ತೀ ಎಂದು ಕೇಳಿ, ಅವಳು ಹೇಳಿದ ಮೇಲೆಯೇ ಫೋನ್ ಇಟ್ಟೆ.

ರಕ್ಷಿತನಿಗೆ ಹೇಳಿದಾಗ ಅವನು ಅಂಗಡಿಯಲ್ಲಿ ಯಾರಿಗೋ ಸಕ್ಕರೆ ಕಟ್ಟುತ್ತಿದ್ದ, ಹಲ್ಲಿನಿಂದ ನೂಲು ಹಿಡಿದು. ನೂಲು ಬಾಯಲ್ಲೇ ಉಳಿಯಿತು. ಸಕ್ಕರೆ ಎಲ್ಲ ಚೆಲ್ಲಿತು. ಕುಕ್ಕಪ್ಪ ಕೂತು ಸಕ್ಕರೆ ಒಟ್ಟು ಮಾಡಿದ. ಬಹಳ ಹೊತ್ತು ಮಾಡಿದ.

ಅಕ್ಟೋಬರ್ ೨೩, ಗುರುವಾರ

ಹೋದ. ಸುಳ್ಯದವರೆಗೆ ಅಪ್ಪನ ಬೈಕಿನಲ್ಲಿ.

ಇನ್ನೇನು ಬರೆಯುವುದು.

ನವೆಂಬರ್ ೯, ಭಾನುವಾರ

ಇವತ್ತು ಸುರಕ್ಷಾ ಬಂದಿದ್ದಾಳೆ. ಆ ಬೆಟ್ಟದಲ್ಲಿ ಫೋನ್ ಸಿಗುವುದು ಗಾಳಿ ಮನಸ್ಸು ಮಾಡಿದಾಗ. ನಿನ್ನೆ ಒಂದು ಫೋಟೋ ಬಂದಿದೆ. ಕೆರೆಯಲ್ಲಿ ಮೊಣಕಾಲು ನೀರಿನಲ್ಲಿ ರಕ್ಷಿತ್, ಪಕ್ಕದಲ್ಲಿ ಯಾರೋ ದಪ್ಪ ಮನುಷ್ಯ, ಅವನ ಕೈಯಲ್ಲಿ ಲಾಡ್ಜಿನ ಕೋಲು, ಕೋಲಿನಲ್ಲಿ ನಮ್ಮ ಅಬ್ಬಲಿಗೆ ದಾರ. ದಾರ ನೆಟ್ಟಗಿದೆ. ರಕ್ಷಿತ್ ಬಲಗೈ ಎತ್ತಿ "ತಡೆಯಿರಿ" ಎಂದು ತೋರಿಸುತ್ತಿದ್ದಾನೆ. ಆ ಕೈಯನ್ನು ಅವನು ಈಗ ಕಿಸೆಯಲ್ಲಿ ಇಟ್ಟುಕೊಂಡಿಲ್ಲ. ಆದರೆ ಮಫ್ಲರ್ ಕಟ್ಟಿಕೊಂಡಿಲ್ಲ, ಅದಕ್ಕೆ ಬೇರೆ ಬಯ್ಯಬೇಕು.

ಸುರಕ್ಷಾಳ ಫೋನಿನಿಂದ ಅವನಿಗೆ ಹೇಳಿ ಕಳಿಸುವುದನ್ನು ಇಲ್ಲಿ ಮೊದಲು ಬರೆದುಕೊಳ್ಳುತ್ತೇನೆ. ಫೋನಿಗೆ ಮಾತಾಡುವಾಗ ಅರ್ಧ ಮರೆಯುತ್ತದೆ.

ರಕ್ಷಿತಾ, ಕೋಲನ್ನು ನನಗೆ ಬಿಟ್ಟು ದಾರವನ್ನು ಮಾತ್ರ ಒಯ್ದಿದ್ದೀ. ಬುದ್ಧಿವಂತ. ಖಾಲಿ ರಾಟೆ ತಿರುಗಿಸಿ ನಾನು ಎಂತ ಮಾಡುವುದು, ಬೆಣ್ಣೆ ತೆಗೆಯುವುದಾ? ಹೊಳೆಯ ನೀರು ಇಳಿದಿದೆ. ಬಂಡೆಯ ಕೆಳಗೆ ಸಂಜೆಗೆ ಮೀನು ಏಳುತ್ತಿದೆ, ಎರಡು ಸಲ ಹೋಗಿ ಬರಿಗೈಯಲ್ಲಿ ನಿಂತು ನೋಡಿ ಬಂದೆ. ಮಾಯಿಲಪ್ಪ ನನಗೆ ಹುಳ ಕೊಡಲಿಕ್ಕೆ ಬರುತ್ತಾನೆ, ಮರ್ಯಾದೆ ಹೋಯಿತು. ಸೆಕೆಯ ಊರಿಗೆ ಆಗುವ ತೇಲುವ ದಾರ ಯಾವುದು, ಹೆಸರು ಬರೆದು ಕಳಿಸು. ನನಗೆ ಐದು ಸಾಕಾ, ಆರು ಬೇಕಾ? ಅಣೆಕಟ್ಟಿನ ಕೆಳಗೆ ದೂರ ಎಸೆಯುವ ಅಗತ್ಯ ಇಲ್ಲ, ಹಾಗಾಗಿ ಎರಡು ತುದಿಯೂ ಸಪೂರ ಇರುವುದು ಸಾಕು ಎಂದು ನನ್ನ ಲೆಕ್ಕ. ತಪ್ಪಾದರೆ ಹೇಳು, ಸರಿಯಾದರೂ ಹೇಳು. ಬಣ್ಣ ನಾನೇ ನೋಡಿಕೊಳ್ಳುತ್ತೇನೆ. ಬೇಸಗೆಗೆ ಹೊಳೆ ಬತ್ತುವ ಮೊದಲು ನಾಲ್ಕು ದಿನ ಎಸೆಯಬೇಕು. ಗಾಳಿ ಇಲ್ಲ, ಸಿಗ್ನಲ್ ಇಲ್ಲ, ಅತಿಥಿಗಳು ಇದ್ದರು ಎಂಬ ಕತೆ ನನಗೆ ಬೇಡ. ಡಿಸೆಂಬರ್ ಹುಟ್ಟುವ ಮೊದಲು ಉತ್ತರ ಬರಬೇಕು.